ಒಂದು ಕಿಡಿಗೆರೆಯಿಂದ ಇಡೀ ಬಾಣಬಿರುಸು: ಫೋಟೊಶಾಪ್ ಬ್ರಶ್ ಕಟ್ಟುವ ನನ್ನ ಬಗೆ

ದೀಪಾವಳಿ, ಜಾತ್ರೆ, ಉತ್ಸವ ಬಂತೆಂದರೆ ಬಳ್ಳಾರಿ, ಕೊಪ್ಪಳದ ಕಡೆ ಒಂದೇ ಪಟಾಕಿ ಹತ್ತು ಬ್ಯಾನರುಗಳಲ್ಲಿ ಸಿಡಿದಿರುತ್ತದೆ. ನೆಟ್‌ನಿಂದ ಇಳಿಸಿದ ಎಬಿಆರ್ ಬ್ರಶ್ (ಫೋಟೊಶಾಪ್‌ನ ಸಿದ್ಧ ಬ್ರಶ್ ಫೈಲ್), ಒಂದು ಕ್ಲಿಕ್, ಕೆಲಸ ಮುಗೀತು. ಇದರಲ್ಲಿ ಎರಡು ತೊಂದರೆ. ಹಳೆಯ ಬ್ರಶ್‌ಗಳ ಮೂಲ ಅಳತೆ ಚಿಕ್ಕದು, 2000 ಪಿಕ್ಸೆಲ್‌ಗೆ ಎಳೆದರೆ ಗೆರೆಗಳೆಲ್ಲ ಊದಿಕೊಂಡು ಮಬ್ಬಾಗುತ್ತವೆ. ಜೊತೆಗೆ ಎಷ್ಟು ಸಲ ಒತ್ತಿದರೂ ಅದೇ ಅಚ್ಚು. ಹಾಗಾಗಿ ಇಡೀ ಸಿಡಿತವನ್ನು ನಾನು ಬ್ರಶ್ ಮಾಡುವುದಿಲ್ಲ. ಒಂದೇ ಒಂದು ಕಿಡಿಗೆರೆಯನ್ನು ಬ್ರಶ್ ಮಾಡಿಟ್ಟುಕೊಂಡು, ಉಳಿದದ್ದನ್ನು ಸೆಟ್ಟಿಂಗ್‌ಗಳಿಗೆ ಬಿಡುತ್ತೇನೆ.

2400 × 400 ಪಿಕ್ಸೆಲ್‌ನ ಹೊಸ ಫೈಲ್, ಬಿಳಿ ಹಿನ್ನೆಲೆ. ನಟ್ಟನಡುವಿನಿಂದ ಬಲ ಅಂಚಿನವರೆಗೆ ಪೆನ್ ಟೂಲ್‌ನಿಂದ ನೇರ ಪಾತ್. 12 ಪಿಕ್ಸೆಲ್‌ನ ಗಟ್ಟಿ ದುಂಡು ಬ್ರಶ್, ಕಪ್ಪು ಬಣ್ಣ ತಗೊಂಡು ಸ್ಟ್ರೋಕ್ ಪಾತ್ ಕೊಟ್ಟು, 'ಸಿಮ್ಯುಲೇಟ್ ಪ್ರೆಶರ್'ಗೆ ಟಿಕ್ ಹಾಕಬೇಕು. ಗೆರೆ ಎರಡೂ ತುದಿಗೆ ಸಣ್ಣಗಾಗುತ್ತ ಬರಬೇಕು. ಒಂದೇ ದಪ್ಪದಲ್ಲಿ ಬಂದರೆ, ಎಫ್5 ಒತ್ತಿ ಶೇಪ್ ಡೈನಮಿಕ್ಸ್ ನೋಡಿ: ಸೈಜ್‌ನ ಕಂಟ್ರೋಲ್ 'ಆಫ್' ಆಗಿರುತ್ತದೆ, 'ಪೆನ್ ಪ್ರೆಶರ್'ಗೆ ತಂದರೆ ಸರಿಹೋಗುತ್ತದೆ. ಹೊರತುದಿಯ ಕಾಲು ಭಾಗವನ್ನು ಮೆತ್ತನೆಯ ಎರೇಸರ್‌ನಿಂದ ಇನ್ನಷ್ಟು ತೆಳುಮಾಡುತ್ತೇನೆ. ಕಿಡಿ ಆರುವುದು ಅಲ್ಲೇ.

ಇನ್ನೊಂದು ಸಣ್ಣ ಕೆಲಸ ಬಾಕಿ, ಇದನ್ನು ಬಿಟ್ಟರೆ ಉಳಿದದ್ದೆಲ್ಲ ವ್ಯರ್ಥ. ಎಡ ಅಂಚಿಗೆ ತಾಗಿದಂತೆ, ಗೆರೆಯ ಮಟ್ಟದಲ್ಲೇ, ಕಂಡೂ ಕಾಣದಂಥ ತಿಳಿಬೂದು ಚುಕ್ಕೆ ಇಡಬೇಕು. ಬ್ರಶ್ ಮಾಡುವಾಗ ಫೋಟೊಶಾಪ್ ಖಾಲಿ ಬಿಳಿ ಜಾಗವನ್ನು ಕತ್ತರಿಸಿಬಿಡುತ್ತದೆ, ಬ್ರಶ್ ತಿರುಗುವುದು ಉಳಿದ ಚೌಕಟ್ಟಿನ ನಡುವಿನಿಂದ. ಚುಕ್ಕೆ ಇಲ್ಲದಿದ್ದರೆ ಗೆರೆ ತನ್ನ ಹೊಟ್ಟೆಯನ್ನೇ ಕೇಂದ್ರ ಮಾಡಿಕೊಂಡು ಸುತ್ತುತ್ತದೆ. ಚುಕ್ಕೆ ಇದ್ದರೆ ಗೆರೆಯ ಒಳತುದಿಯೇ ಕೇಂದ್ರ. ಆಮೇಲೆ ಎಡಿಟ್ ಮೆನುವಿನಲ್ಲಿ 'ಡಿಫೈನ್ ಬ್ರಶ್ ಪ್ರೀಸೆಟ್'.

ಈಗ ಸೆಟ್ಟಿಂಗ್. ಜಿಟರ್ ಅಂದರೆ ಪ್ರತಿ ಅಚ್ಚಿಗೂ ತಾನಾಗಿಯೇ ಆಗುವ ಏರುಪೇರು. ಆ್ಯಂಗಲ್ ಜಿಟರ್ 100%, ಸೈಜ್ ಜಿಟರ್ 45%, ಮಿನಿಮಮ್ ಡಯಾಮೀಟರ್ 40%. ಸ್ಕ್ಯಾಟರಿಂಗ್‌ಗೆ ಟಿಕ್ ಹಾಕಿ, ಸ್ಕ್ಯಾಟರ್ 0%, ಕೌಂಟ್ 16. ಕೌಂಟ್‌ನ ಗರಿಷ್ಠ ಮಿತಿಯೇ 16, ಅಂದರೆ ಒಂದು ಕ್ಲಿಕ್‌ಗೆ ಹದಿನಾರು ಗೆರೆ, ಒಂದೊಂದೂ ಒಂದೊಂದು ದಿಕ್ಕಿಗೆ. ಅದೇ ಜಾಗದಲ್ಲಿ ನಾಲ್ಕೈದು ಕ್ಲಿಕ್ ಕೊಟ್ಟರೆ ಬಾಣಬಿರುಸು (ಮುಂದೆ ಬರೀ ಬಾಣ) ತುಂಬುತ್ತದೆ. ಸ್ಪೇಸಿಂಗ್ 300%ಗಿಂತ ಮೇಲಿರಲಿ, ಇಲ್ಲದಿದ್ದರೆ ಮೌಸ್ ಕೂದಲೆಳೆಯಷ್ಟು ಅಲುಗಿದರೂ ಕೇಂದ್ರ ಕದಡುತ್ತದೆ. ಉದ್ದದ ಏರುಪೇರು ಬರೀ ಅಲಂಕಾರಕ್ಕಲ್ಲ. ಬಾಣ ಸಿಡಿಯುವುದು ಚೆಂಡಿನಂತೆ ಎಲ್ಲ ದಿಕ್ಕಿಗೂ. ನಮ್ಮತ್ತ ಬರುವ ಕಿಡಿಯ ಗೆರೆ ಮೋಟಾಗಿ ಕಾಣುತ್ತದೆ, ಪಕ್ಕಕ್ಕೆ ಹೋಗುವುದು ಪೂರ್ತಿ ಉದ್ದ. ಎಲ್ಲವೂ ಸಮ ಉದ್ದವಿದ್ದರೆ ಅದು ಬಂಡಿ ಚಕ್ರ, ಪಟಾಕಿಯಲ್ಲ.

ಬಣ್ಣದಲ್ಲಿ ಕೈ ಬಿಗಿಹಿಡಿಯಬೇಕು. ಹ್ಯೂ ಜಿಟರ್ ಏರಿಸಿ ಒಂದೇ ಬಾಣದಲ್ಲಿ ಕಾಮನಬಿಲ್ಲು ಮಾಡುವುದು ನನಗೆ ಸರಿಬರುವುದಿಲ್ಲ. ಬಣ್ಣ ಬರುವುದು ಮದ್ದಿನಲ್ಲಿರುವ ಲೋಹದ ಲವಣದಿಂದ: ಸ್ಟ್ರಾನ್ಷಿಯಂ ಕೆಂಪು, ಬೇರಿಯಂ ಹಸಿರು, ಸೋಡಿಯಂ ಹಳದಿ, ತಾಮ್ರ ನೀಲಿ. ಒಂದು ಬಾಣಕ್ಕೆ ಒಂದು ಬಣ್ಣ, ಹೆಚ್ಚೆಂದರೆ ಎರಡು. ನಿಜವಾದ ಮದ್ದಿನಲ್ಲೂ ಗಾಢ ನೀಲಿ ತರಿಸುವುದು ಕಷ್ಟ, ಬಂದರೂ ಮಂಕು. ಹಾಗಾಗಿ ಚಿತ್ರದಲ್ಲಿ ನೀಲಿ ಬಾಣವನ್ನು ಚಿಕ್ಕದಾಗಿ, ಹಿಂದೆ ಇಡುತ್ತೇನೆ. ಚಿನ್ನದ ಬಣ್ಣಕ್ಕೆ ಫೋರ್‌ಗ್ರೌಂಡ್ ಹಳದಿ, ಬ್ಯಾಕ್‌ಗ್ರೌಂಡ್ ಕಿತ್ತಳೆ, ಕಲರ್ ಡೈನಮಿಕ್ಸ್‌ನಲ್ಲಿ ಎರಡರ ನಡುವಿನ ಜಿಟರ್ 30%, 'ಅಪ್ಲೈ ಪರ್ ಟಿಪ್'ಗೆ ಟಿಕ್. ಹ್ಯೂ 3% ದಾಟಿಸುವುದಿಲ್ಲ.

ಪ್ರತಿ ಬಾಣಕ್ಕೂ ಬೇರೆ ಲೇಯರ್. ಕಿಡಿ ಕೆಳಗೆ ಜಗ್ಗಬೇಕಲ್ಲ, ಅದಕ್ಕೆ ಟ್ರಾನ್ಸ್‌ಫಾರ್ಮ್‌ನ ವಾರ್ಪ್‌ನಲ್ಲಿ 'ಆರ್ಚ್', ಬೆಂಡ್ 15ರಿಂದ 20%. ಜೋಲುವ ಎಳೆಗಳಂತೆ ಇಳಿಬೀಳುವ ಚಿನ್ನದ ಬಾಣವಾದರೆ 30%ವರೆಗೂ ಹೋಗಬಹುದು. ನಂತರ ಲೇಯರ್ ಮೋಡ್ 'ಲೀನಿಯರ್ ಡಾಡ್ಜ್'. ಈ ಮೋಡ್ ಲೇಯರ್‌ನ ಬೆಳಕನ್ನು ಕೆಳಗಿನ ಲೇಯರ್‌ಗಳ ಬೆಳಕಿಗೆ ಕೂಡಿಸುತ್ತದೆ, ಒಂದೇ ಲೇಯರ್‌ನೊಳಗೆ ಒಂದರ ಮೇಲೊಂದು ಬಿದ್ದ ಗೆರೆಗಳು ತಾವಾಗಿಯೇ ಬೆಳ್ಳಗಾಗುವುದಿಲ್ಲ, ಹಾಗಾಗಿ ಕೇಂದ್ರಕ್ಕೆ ಮೆತ್ತನೆಯ ಬಿಳಿ ಚುಕ್ಕೆಯನ್ನು ನಾವೇ ಇಡಬೇಕು. ಕ್ಯಾಮೆರಾದಲ್ಲೂ ಹಾಗೇ ಬರುವುದು: ನಡುವೆ ಬಿಳಿ, ಬಣ್ಣ ಉಳಿಯುವುದು ಹೊರಗಿನ ಬಾಲದಲ್ಲಿ. ಲೇಯರ್‌ನ ಎರಡು ನಕಲು ತೆಗೆದು ಒಂದಕ್ಕೆ 8 ಪಿಕ್ಸೆಲ್, ಇನ್ನೊಂದಕ್ಕೆ 40 ಪಿಕ್ಸೆಲ್ ಗಾಸಿಯನ್ ಬ್ಲರ್, ಒಪಾಸಿಟಿ 60 ಮತ್ತು 30%. ಪ್ರಭೆಗೆ ಇಷ್ಟು ಸಾಕು. ಕೆಲವರು 'ಕಲರ್ ಡಾಡ್ಜ್' ಹಾಕಿ ಏನೂ ಕಾಣಿಸುತ್ತಿಲ್ಲ ಅನ್ನುತ್ತಾರೆ. ಕೆಳಗಿನ ಆಕಾಶ ಅಪ್ಪಟ ಕಪ್ಪಾಗಿದ್ದರೆ ಆ ಮೋಡ್ ಕೆಲಸ ಮಾಡುವುದೇ ಇಲ್ಲ. ಆಕಾಶಕ್ಕೆ ಆರ್ 10, ಜಿ 14, ಬಿ 30ರ ಆಸುಪಾಸಿನ ಕಡುನೀಲಿ ಇಟ್ಟು, 1ರಿಂದ 2% ನಾಯ್ಸ್ ಸೇರಿಸಿ. ನಾಯ್ಸ್ ಇಲ್ಲದ 8 ಬಿಟ್ ಗ್ರೇಡಿಯಂಟ್ ಪ್ರಿಂಟ್‌ನಲ್ಲಿ ಪಟ್ಟಿ ಪಟ್ಟಿಯಾಗುತ್ತದೆ.

ಇಷ್ಟಾದರೂ ಬಳ್ಳಾರಿ ಕೋಟೆಗುಡ್ಡದ ಫೋಟೊ ಮೇಲೆ ಇದನ್ನು ಇಟ್ಟಾಗ ಅಂಟಿಸಿದಂತೆ ಕಂಡರೆ, ತಪ್ಪು ಬಾಣದ್ದಲ್ಲ, ಗುಡ್ಡದ್ದು. ಬಾಣ ಗುಡ್ಡದ ಹಿಂದೆ ಸಿಡಿದರೆ ಬಂಡೆಗಳ ಮೇಲಂಚು ಮತ್ತು ಗೋಡೆಯ ತುದಿಗೆ ಮಾತ್ರ ಬಣ್ಣ ಹತ್ತಬೇಕು, ನಮ್ಮ ಕಡೆಯ ಮೈ ಕತ್ತಲಲ್ಲೇ ಇರಬೇಕು. ಮುಂದೆ ಸಿಡಿದರೆ ಬಂಡೆಯ ಮೈಮೇಲೆ 'ಸಾಫ್ಟ್ ಲೈಟ್' ಲೇಯರ್‌ನಲ್ಲಿ ಅದೇ ಬಣ್ಣದ ಮೆತ್ತನೆಯ ಬ್ರಶ್, 15ರಿಂದ 25%. ಮಟಮಟ ಮಧ್ಯಾಹ್ನದ ಬಿಸಿಲಲ್ಲಿ ತೆಗೆದ ಫೋಟೊವನ್ನು ಎಷ್ಟು ಕಪ್ಪು ಮಾಡಿದರೂ ನೆರಳುಗಳು ಗುಟ್ಟು ಬಿಟ್ಟುಕೊಡುತ್ತವೆ. ಮುಸ್ಸಂಜೆಯ ಫೋಟೊ ಹುಡುಕುವುದೇ ಲೇಸು. ಹೊಗೆಯನ್ನೂ ಮರೆಯಬಾರದು: 'ಕ್ಲೌಡ್ಸ್' ಫಿಲ್ಟರ್, ಸ್ಕ್ರೀನ್ ಮೋಡ್, 10%, ಬಾಣದ ಬಣ್ಣದ್ದೇ ಛಾಯೆ.

ಆನೆಗೊಂದಿಯ ಕಡೆಯ ತುಂಗಭದ್ರೆಯೋ, ಕೊಪ್ಪಳದ ಗವಿಮಠದ ಕೆರೆಯೋ ಚಿತ್ರದಲ್ಲಿದ್ದರೆ ಪ್ರತಿಬಿಂಬ ಬೇಕು. ಬಾಣ ನೀರಿನಂಚಿನಿಂದ ಎಷ್ಟು ಮೇಲಿದೆಯೋ ಪ್ರತಿಬಿಂಬ ಅಷ್ಟೇ ಕೆಳಗೆ. ಬಹಳ ಜನ ದಡಕ್ಕೇ ಅಂಟಿಸುತ್ತಾರೆ. ಎಲ್ಲ ಬಾಣಗಳ ಮರ್ಜ್ ಮಾಡಿದ ನಕಲನ್ನು ಮಗುಚಿ, 90 ಡಿಗ್ರಿಯ ಮೋಷನ್ ಬ್ಲರ್ 40 ಪಿಕ್ಸೆಲ್, ಒಪಾಸಿಟಿ 40%. ಹೊಳೆಯೊಳಗಿನ ಬಂಡೆಗಳನ್ನು ಮಾಸ್ಕ್‌ನಿಂದ ಬಿಡಿಸಿಕೊಳ್ಳಬೇಕು.

ಪ್ರಿಂಟಿಂಗ್‌ಗೆ ಬಂದರೆ, 6 × 4 ಅಡಿ ಫ್ಲೆಕ್ಸ್‌ಗೆ 72 ಡಿಪಿಐನಲ್ಲಿ 5184 × 3456 ಪಿಕ್ಸೆಲ್. ಇದರಲ್ಲಿ ದೊಡ್ಡ ಬಾಣದ ಬ್ರಶ್ ಸೈಜ್ 1500 ಇಟ್ಟರೆ, ಅತಿ ಮೋಟು ಗೆರೆಯ ದಪ್ಪವೂ ನಡುಮೈಯಲ್ಲಿ ಕನಿಷ್ಠ 3 ಪಿಕ್ಸೆಲ್ ಇರುತ್ತದೆ. ಅದಕ್ಕಿಂತ ತೆಳುವಾದದ್ದನ್ನು ಸುತ್ತಲಿನ ಕಪ್ಪು ಇಂಕು ನುಂಗುತ್ತದೆ. ಆರ್‌ಜಿಬಿಯಲ್ಲೇ (ಸ್ಕ್ರೀನಿನ ಬಣ್ಣಪದ್ಧತಿ) ಕೆಲಸ ಮುಗಿಸಿ, ನಕಲು ಫೈಲನ್ನು ಫ್ಲಾಟನ್ ಮಾಡಿದ, ಅಂದರೆ ಎಲ್ಲ ಲೇಯರ್ ಒಂದಾಗಿಸಿದ ಮೇಲೆಯೇ ಸಿಎಂವೈಕೆಗೆ (ಪ್ರಿಂಟಿನ ನಾಲ್ಕು ಇಂಕುಗಳ ಪದ್ಧತಿ) ಬದಲಿಸಿ. ಲೇಯರ್ ಸಮೇತ ಬದಲಿಸಿದರೆ ಡಾಡ್ಜ್ ಮೋಡ್‌ಗಳ ಲೆಕ್ಕವೇ ಬದಲಾಗಿ ಪ್ರಭೆ ಕೆಡುತ್ತದೆ. ಸ್ಕ್ರೀನ್‌ನಲ್ಲಿ ಮಿಂಚುವ ಹಸಿರು, ನೀಲಿ ಇಂಕಿನಲ್ಲಿ ಬರುವುದಿಲ್ಲ. ಕಂಟ್ರೋಲ್ ವೈ ಒತ್ತಿ ಪ್ರೂಫ್ (ಪ್ರಿಂಟ್‌ನಲ್ಲಿ ಬಣ್ಣ ಹೇಗೆ ಬರುತ್ತದೆಂಬ ಅಂದಾಜು) ನೋಡಿಕೊಂಡು ಗಿರಾಕಿಗೂ ಅದನ್ನೇ ತೋರಿಸುತ್ತೇನೆ. "ಇನ್ನೊಂದೆರಡು ಬಾಣ ಹಾಕ್ರೀ, ಮ್ಯಾಲೆ ಖಾಲಿ ಕಾಣ್ತದ" ಅನ್ನುವುದು ಮಾಮೂಲು. ಹೊಸದನ್ನು ಹಾಕುವ ಬದಲು ಹಿಂದಿನ ಸಾಲಿಗೆ ಅರ್ಧ ಅಳತೆಯ, 50% ಒಪಾಸಿಟಿಯ ಒಂದೆರಡು ನಕಲನ್ನು ತಿರುಗಿಸಿ ಇಡುತ್ತೇನೆ, ಆಳವೂ ಬರುತ್ತದೆ.

ಫೋಟೊಶಾಪ್ ಬದಲು ಗಿಂಪ್ ಎಂಬ ಉಚಿತ ತಂತ್ರಾಂಶ ಬಳಸುವವರು ಎಬಿಆರ್ ಫೈಲನ್ನು ಬ್ರಶ್ ಫೋಲ್ಡರಿಗೆ ಹಾಕಿದರೆ ಗೆರೆಯ ಆಕಾರ ಬರುತ್ತದೆ, ಜಿಟರ್ ಸೆಟ್ಟಿಂಗ್ ಬರುವುದಿಲ್ಲ. ಅದನ್ನು ಪೇಂಟ್ ಡೈನಮಿಕ್ಸ್‌ನಲ್ಲಿ ಆ್ಯಂಗಲ್‌ಗೆ 'ರ‍್ಯಾಂಡಮ್' ಕೊಟ್ಟು ಹೊಸದಾಗಿ ಕಟ್ಟಿಕೊಳ್ಳಬೇಕು. ಲೀನಿಯರ್ ಡಾಡ್ಜ್ ಬದಲಿಗೆ ಅಲ್ಲಿ 'ಅಡಿಷನ್' ಮೋಡ್.