ಎನ್‌ಎಸ್‌ಜಿಪಿ ಹಣ: ಆರ್ಡರ್ ಕೊಡುವ ಮುಂಚೆ ಇಷ್ಟು ನೋಡಿಕೊಳ್ಳಿ

ಅಮೆರಿಕದಲ್ಲಿ ದೇವಸ್ಥಾನ, ಕನ್ನಡ ಭವನ ನಡೆಸುವ ಸಮಿತಿಯವರ ಗಮನಕ್ಕೆ. ಎನ್‌ಎಸ್‌ಜಿಪಿ ಅಂದರೆ ಲಾಭರಹಿತ ಸಂಸ್ಥೆಗಳಿಗೆ ಫೆಮಾ (ಅಮೆರಿಕ ಸರ್ಕಾರದ ವಿಪತ್ತು ನಿರ್ವಹಣಾ ಸಂಸ್ಥೆ) ಕೊಡುವ ಭದ್ರತಾ ಅನುದಾನ. ಅದು ಮಂಜೂರಾದ ಕೂಡಲೇ ಚೆಕ್ ಬರುವುದಿಲ್ಲ. ಸಾಮಾನ್ಯವಾಗಿ ನೀವು ಮೊದಲು ಖರ್ಚು ಮಾಡಿ, ಬಿಲ್ಲು ಮತ್ತು ಪಾವತಿ ದಾಖಲೆಯನ್ನು ಈ ಅನುದಾನ ನೋಡಿಕೊಳ್ಳುವ ನಿಮ್ಮ ರಾಜ್ಯದ ಏಜೆನ್ಸಿಗೆ ಕೊಟ್ಟ ಮೇಲೆ ಹಣ ವಾಪಸ್.

ಕ್ಯಾಮೆರಾ, ಕಾರ್ಡ್ ಲಾಕ್, ಬೇಲಿ, ಹೊರಗಿನ ದೀಪ, ವಾಹನ ತಡೆಯುವ ಬೊಲಾರ್ಡ್, ಗುತ್ತಿಗೆ ಕಾವಲುಗಾರರು, ಸ್ವಯಂಸೇವಕರ ತರಬೇತಿ ಎಲ್ಲಕ್ಕೂ ಅವಕಾಶವಿದೆ. ಆದರೆ ಅರ್ಜಿಯ ಜೊತೆ ಕೊಟ್ಟ ಭದ್ರತಾ ಸಮೀಕ್ಷೆಯಲ್ಲಿ ಆ ಕೊರತೆ ದಾಖಲಾಗಿರಬೇಕು. ಬಂದೂಕು, ಅರ್ಜಿ ಬರೆದುಕೊಟ್ಟವರ ಫೀಸು, ಮಂಜೂರಾತಿಗೆ ಮುಂಚಿನ ಖರೀದಿ ನಡೆಯುವುದಿಲ್ಲ. ಆಡಳಿತ ವೆಚ್ಚಕ್ಕೆ ಹೆಚ್ಚೆಂದರೆ ಶೇ 5.

ಬಹಳಷ್ಟು ಜನ ಎಡವುವುದು ಇಎಚ್‌ಪಿಯಲ್ಲಿ, ಅಂದರೆ ಪರಿಸರ ಮತ್ತು ಪಾರಂಪರಿಕ ಕಟ್ಟಡಗಳ ಪರಿಶೀಲನೆಯಲ್ಲಿ. ಕ್ಯಾಮೆರಾಗೆ ಗೋಡೆ ಕೊರೆಯುವುದೂ ಇದರಡಿ ಬರುತ್ತದೆ. ಕಟ್ಟಡ ಕಟ್ಟಿದ ವರ್ಷ, ಕೆಲಸ ನಡೆಯುವ ಪ್ರತಿ ಜಾಗದ ಫೋಟೊ, ಬೇಲಿ ಕಂಬಕ್ಕೆ ಎಷ್ಟು ಅಗಲ, ಎಷ್ಟು ಆಳ ಅಗೆಯುತ್ತೀರಿ ಎಂಬ ಲೆಕ್ಕ ಕೊಡಬೇಕು. ಕಂಟ್ರಾಕ್ಟರ್ ಅವಸರ ಮಾಡುತ್ತಾನೆ, ಕಿವಿಗೆ ಹಾಕಿಕೊಳ್ಳಬೇಡಿ. ಲಿಖಿತ ಒಪ್ಪಿಗೆಗೆ ಮುಂಚೆ ಗುಂಡಿ ತೋಡಿದರೆ ಆ ಕೆಲಸದ ಹಣ ಕೈತಪ್ಪಬಹುದು.

ಕ್ಯಾಮೆರಾ ವಿಷಯದಲ್ಲಿ ಇನ್ನೊಂದು: ಅಮೆರಿಕದ ರಕ್ಷಣಾ ಕಾಯ್ದೆಯೊಂದರ ಸೆಕ್ಷನ್ 889ರ ಪ್ರಕಾರ ಚೀನಾ ಕಂಪನಿಗಳಾದ ಹಿಕ್‌ವಿಷನ್, ದಹುವಾ ಉಪಕರಣಗಳಿಗೆ ಈ ಹಣ ಬಳಸುವಂತಿಲ್ಲ. ಬೇರೆ ಹೆಸರಿನ ಸ್ಟಿಕ್ಕರ್ ಅಂಟಿಸಿದ ಅವರದೇ ಮಾಲು ಮಾರುಕಟ್ಟೆಯಲ್ಲಿದೆ. ಕೊಟೇಶನ್‌ನಲ್ಲೇ ಅಸಲಿ ತಯಾರಕರ ಹೆಸರು, ಮಾಡೆಲ್ ನಂಬರ್ ಬರೆಸಿಕೊಳ್ಳಿ. ಟ್ರಸ್ಟಿಯ ಭಾವಮೈದುನನ ಕಂಪನಿಯೂ ಕೊಟೇಶನ್ ಕೊಟ್ಟಿದ್ದರೆ, ಆಯ್ಕೆಯ ಮೀಟಿಂಗಿನಿಂದ ಆ ಟ್ರಸ್ಟಿ ಹೊರಗಿರಬೇಕು. ಅದು ಮಿನಿಟ್ಸ್‌ನಲ್ಲೂ ಬರಲಿ.