ಮಾಜಿ ಸೈನಿಕರಿಗೆ ಕೆಲಸ ಕೊಡುವುದು ಹೇಗೆ?

ಸೈನಿಕರನ್ನು ಕಂಡರೆ ಎಲ್ಲರಿಗೂ ಗೌರವ. ಪಕ್ಕದಲ್ಲಿ ನಿಂತು ಫೋಟೊ ತೆಗೆಸಿಕೊಳ್ಳುತ್ತೇವೆ. ಅದೇ ಸೈನಿಕ ಯೂನಿಫಾರಂ ಕಳಚಿಟ್ಟು ಬಯೋಡೇಟಾ ಹಿಡಿದು ಬಂದರೆ ಮಾತ್ರ, ‘ಸೆಕ್ಯುರಿಟಿ ಕೆಲಸ ಖಾಲಿಯಾದರೆ ಹೇಳ್ತೀವಿ’ ಅಂದುಬಿಡುತ್ತೇವೆ. ಮನಸ್ಸಿಲ್ಲ ಅಂತಲ್ಲ. ಆತ ಏನೇನು ಮಾಡಬಲ್ಲ ಅನ್ನುವುದೇ ನಮಗೆ ಗೊತ್ತಾಗುವುದಿಲ್ಲ. ಸೇನೆಯ ಮಾತು ಬೇರೆ, ಆಫೀಸಿನ ಮಾತು ಬೇರೆ. ಕೆಲಸ ಕೊಡುವವರು ಅರ್ಧ ದಾರಿ ಮುಂದೆ ಬಂದರೆ ಈ ತೊಡಕು ಬಿಡಿಸಬಹುದು.

ಮೊದಲು ನಿಮ್ಮ ಜಾಹೀರಾತು ನೋಡಿ

‘ಪದವಿ ಕಡ್ಡಾಯ, ಇದೇ ರಂಗದಲ್ಲಿ 5 ವರ್ಷ ಅನುಭವ’ ಅಂತ ಬರೆದಿದ್ದೀರಾ? ಆ ಕೆಲಸಕ್ಕೆ ಪದವಿ ನಿಜಕ್ಕೂ ಬೇಕಾ, ಅಥವಾ ಹಳೇ ಜಾಹೀರಾತಿನಿಂದ ಸುಮ್ನೆ ಎತ್ತಿ ಹಾಕಿದ್ದಾ? 18ನೇ ವಯಸ್ಸಿಗೇ ಸೇನೆ ಸೇರಿದವರು ಈ ಒಂದು ಸಾಲು ಓದಿ ಅರ್ಜಿ ಹಾಕುವುದನ್ನೇ ಬಿಡುತ್ತಾರೆ. ‘ಪದವಿ ಅಥವಾ ಅದಕ್ಕೆ ಸಮನಾದ ಸೇನಾ ಅನುಭವ’ ಎಂದು ತಿದ್ದಿ. ಖರ್ಚೇನೂ ಇಲ್ಲ.

ಬಯೋಡೇಟಾ ಬಿಡಿಸಿ ಓದಿ

‘ಪ್ಲಟೂನ್ ಸಾರ್ಜೆಂಟ್’ ಅಂತಷ್ಟೇ ಇರುತ್ತದೆ. ಪ್ಲಟೂನ್ ಅಂದರೆ ಸಾಮಾನ್ಯವಾಗಿ 30–40 ಜನ. ಅವರ ತರಬೇತಿ, ಸಾಮಾನು, ಶಿಸ್ತು, ಮನೆಯ ಕಷ್ಟಸುಖ ಎಲ್ಲವನ್ನೂ ದಿನಾ ನೋಡಿಕೊಂಡವರು ಇವರು. ಇಂಥವರನ್ನು ಸೂಪರ್‌ವೈಸರ್ ಕೆಲಸಕ್ಕೆ ‘ಅನುಭವ ಸಾಲದು’ ಎಂದು ಕಳಿಸುವುದಿದೆಯಲ್ಲ, ಅದು ನಗೆಪಾಟಲು. ಕ್ವಾರ್ಟರ್‌ಮಾಸ್ಟರ್ (ಸೇನೆಗೆ ಸಾಮಾನು ಪೂರೈಸುವ ವಿಭಾಗ) ಕಡೆ ದುಡಿದವರಿಗೆ ಉಗ್ರಾಣ, ಲೆಕ್ಕ, ಸಾಗಣೆ ಗೊತ್ತು. ಸಿಗ್ನಲ್ಸ್‌, ಅಂದರೆ ಸೇನೆಯ ಸಂಪರ್ಕ ವಿಭಾಗದವರಿಗೆ ನೆಟ್‌ವರ್ಕ್ ಗೊತ್ತು. ಅಮೆರಿಕದ ಸೇನೆಯವರಾದರೆ ಕೆಲಸ ಇನ್ನೂ ಸುಲಭ: ಅಲ್ಲಿನ ಕಾರ್ಮಿಕ ಇಲಾಖೆಯ ಓ-ನೆಟ್ ತಾಣದಲ್ಲಿ ಸೇನಾ ಹುದ್ದೆಯ ಕೋಡ್ ಹಾಕಿದರೆ ಹೊಂದುವ ಸಿವಿಲ್ ಕೆಲಸಗಳ ಪಟ್ಟಿ ಬರುತ್ತದೆ. ಅರ್ಥವಾಗದ ಪದ ಬಂದರೆ ಬದಿಗಿಡಬೇಡಿ, ಫೋನ್ ಮಾಡಿ ಕೇಳಿ.

ಇಂಟರ್‌ವ್ಯೂನಲ್ಲಿ ‘ನಾವು’ ಅಂದಾಗ

ಸೇನೆಯಲ್ಲಿ ‘ನಾನು ಮಾಡಿದೆ’ ಅಂತ ಕೊಚ್ಚಿಕೊಂಡರೆ ಮರ್ಯಾದೆ ಇಲ್ಲ. ಅಲ್ಲಿ ಎಲ್ಲವೂ ‘ನಾವು’. ಆ ರೂಢಿ ಇಂಟರ್‌ವ್ಯೂಗೂ ಬರುತ್ತದೆ. ಕೇಳುವವರಿಗೆ ‘ಇವರು ತಾವಾಗಿ ಏನೂ ಮಾಡಿಲ್ಲ’ ಅನ್ನಿಸಿಬಿಡುತ್ತದೆ. ‘ಅದರಲ್ಲಿ ನಿಮ್ಮ ಪಾಲಿನ ಕೆಲಸ ಯಾವುದು? ನೀವಿಲ್ಲದಿದ್ದರೆ ಏನು ನಿಲ್ಲುತ್ತಿತ್ತು?’ ಎಂದು ಕೇಳಿ ನೋಡಿ, ಮಾತು ತಾನಾಗಿ ಬಿಚ್ಚಿಕೊಳ್ಳುತ್ತದೆ.

ಕೇಳಬಾರದ್ದೂ ಇವೆ. ‘ಯಾರನ್ನಾದರೂ ಕೊಂದಿದ್ದೀರಾ?’ ಎಂದು ಕುತೂಹಲಕ್ಕೂ ಕೇಳಬೇಡಿ. ‘ಯುದ್ಧದ ನೆನಪು ಕಾಡುತ್ತಾ?’ ಅಂತಲೂ ಬೇಡ. ಹೆಣ್ಣುಮಗಳು ಬಂದಿದ್ದರೆ, ಸೇನೆಯಲ್ಲಿದ್ದದ್ದು ಗಂಡ ಅಂದುಕೊಳ್ಳಬೇಡಿ. ಈ ತಪ್ಪು ಜಾಸ್ತಿ ಆಗುತ್ತದೆ.

ಅನುಕೂಲ ಮಾಡಿಕೊಡುವುದು

ಬಹಳ ಮಾಲೀಕರು ಹಿಂಜರಿಯುವುದು ಇಲ್ಲಿ. ಯುದ್ಧದಿಂದ ಬಂದವರೆಲ್ಲ ಮನಸ್ಸಿಗೆ ಪೆಟ್ಟು ತಿಂದವರು, ಯಾವಾಗ ಸಿಡಿಯುತ್ತಾರೋ ಅನ್ನುವ ಭಯ. ಪಿಟಿಎಸ್‌ಡಿ (ಭಯಾನಕ ಅನುಭವದ ನಂತರ ಕಾಡುವ ಮಾನಸಿಕ ತೊಂದರೆ) ಎಂಬ ಹೆಸರನ್ನು ಅಮೆರಿಕದ ಮನೋವೈದ್ಯರು ತಮ್ಮ ಕೈಪಿಡಿಗೆ ಸೇರಿಸಿದ್ದು 1980ರಲ್ಲಿ. ಆಮೇಲೆ ಆ ಹೆಸರು ಎಲ್ಲ ಸೈನಿಕರಿಗೂ ಅಂಟಿಕೊಂಡಿತು. ಆದರೆ ಹೆಚ್ಚಿನವರಿಗೆ ಅದು ಇರುವುದಿಲ್ಲ. ಇದ್ದವರೂ ಚೆನ್ನಾಗಿಯೇ ಕೆಲಸ ಮಾಡಬಲ್ಲರು. ಅಮೆರಿಕದ ಮಾಜಿ ಸೈನಿಕರಲ್ಲಿ ಪರಿಹಾರ ಪಡೆಯುವವರ ತೊಂದರೆಗಳ ಪಟ್ಟಿಯಲ್ಲಿ ಮೊದಲು ಬರುವುದು ಕಿವಿಯೊಳಗಿನ ಗುಂಯ್ ಸದ್ದು!

ಇಂಥ ತೊಂದರೆಗಳಿಗೆ ಬೇಕಾಗುವುದೂ ಸಣ್ಣಪುಟ್ಟದ್ದೇ. ಗದ್ದಲವಿಲ್ಲದ ಮೂಲೆ, ಅಥವಾ ಸದ್ದು ತಡೆಯುವ ಹೆಡ್‌ಫೋನ್. ಬೆನ್ನ ಹಿಂದೆ ಜನ ಓಡಾಡಿದರೆ ಬೆಚ್ಚುವವರಿಗೆ ಗೋಡೆಗೆ ಬೆನ್ನು ಕೊಟ್ಟು ಬಾಗಿಲು ಕಾಣುವ ಹಾಗೆ ಕುರ್ಚಿ. ಬೆಂಕಿ ಅಣಕು ಡ್ರಿಲ್‌ನ ಸೈರನ್ ಕೂಗಿಸುವ ಮೊದಲು ಒಂದು ಮಾತು. ತಲೆಗೆ ಏಟಾಗಿ ಮರೆವು ಇರುವವರಿಗೆ ಬಾಯಿಮಾತಿನ ಬದಲು ಬರೆದು ಕೊಟ್ಟ ಸೂಚನೆ. ಕೃತಕ ಕಾಲು ಹಾಕಿದವರಿಗೆ ಮಧ್ಯೆ ಮಧ್ಯೆ ಕೂರಲು ಬಿಡುವು. ಆಸ್ಪತ್ರೆಗೆ ಹೋಗುವ ದಿನ ಸಮಯದಲ್ಲಿ ಸಡಿಲಿಕೆ. ಇಂಥ ಸಲಹೆ ಕೊಡಲೆಂದೇ ಅಮೆರಿಕದಲ್ಲಿ ಜಾಬ್ ಅಕಾಮಡೇಶನ್ ನೆಟ್‌ವರ್ಕ್ 1983ರಿಂದ ಇದೆ. ಅದು ಮಾಲೀಕರನ್ನು ಕೇಳಿದಾಗ, ಮಾಡಿಕೊಟ್ಟ ಅನುಕೂಲಗಳಲ್ಲಿ ಸುಮಾರು ಅರ್ಧದಷ್ಟಕ್ಕೆ ದುಡ್ಡೇ ಖರ್ಚಾಗಿಲ್ಲ ಎಂದರು.

ಕೇಳುವ ರೀತಿ ಮುಖ್ಯ. ‘ನಿಮಗೇನು ಕಾಯಿಲೆ?’ ಅಲ್ಲ, ‘ಕೆಲಸ ಸಲೀಸಾಗಲು ಏನಾದರೂ ಬೇಕಾ?’ ಇದನ್ನು ಹೊಸದಾಗಿ ಸೇರಿದ ಎಲ್ಲರಿಗೂ ಕೇಳಿ. ಆಗ ಯಾರಿಗೂ ತಮ್ಮನ್ನು ಬೇರೆ ಮಾಡಿದರು ಅನ್ನಿಸುವುದಿಲ್ಲ. ಯಾರಾದರೂ ಬಾಯಿಬಿಟ್ಟು ಹೇಳಿಕೊಂಡರೆ ಅದು ನಿಮ್ಮಲ್ಲೇ ಉಳಿಯಲಿ.

ಮೊದಲ ಮೂರು ತಿಂಗಳು

ಸೇನೆಯಲ್ಲಿ ಯಾರು ದೊಡ್ಡವರು ಅಂತ ಹೆಗಲ ಮೇಲೇ ಬರೆದಿರುತ್ತದೆ. ಆಫೀಸಿನಲ್ಲಿ ಅದು ಕಾಣಿಸದು. ಮ್ಯಾನೇಜರ್ ‘ನೋಡೋಣ’ ಅಂದರೆ ‘ಆಗಲ್ಲ’ ಅಂತ ಅರ್ಥ ಅಲ್ವಾ? ಅದು ಹೊಸಬರಿಗೆ ಹೇಗೆ ಗೊತ್ತಾಗಬೇಕು? ಹೀಗೆ ಬರೆಯದ ನಿಯಮಗಳನ್ನು ಹೇಳಿಕೊಡಲು ಒಬ್ಬ ಜೊತೆಗಾರರನ್ನು ಗೊತ್ತುಮಾಡಿ. ಆಫೀಸಿನಲ್ಲಿ ಇನ್ನೊಬ್ಬ ಮಾಜಿ ಸೈನಿಕರಿದ್ದರೆ ಅವರೇ ಸರಿ. ಯಾವ ಕೆಲಸ, ಯಾವಾಗಿನೊಳಗೆ, ಎಷ್ಟು ಚೆನ್ನಾಗಿ ಎಂಬುದನ್ನು ಬಿಡಿಸಿ ಹೇಳಿ. ತಪ್ಪಿದ್ದರೆ ನೇರವಾಗಿಯೇ ಹೇಳಿ, ನೇರ ಮಾತು ಅವರಿಗೆ ಹೊಸತಲ್ಲ.

ಮತ್ತೆ ಕರೆ ಬಂದರೆ?

ಕೆಲವರು ಮೀಸಲು ಪಡೆಯಲ್ಲಿ ಇನ್ನೂ ಇರುತ್ತಾರೆ, ಯಾವಾಗ ಬೇಕಾದರೂ ಕರೆ ಬರಬಹುದು. ಅದಕ್ಕೆ ಹೆದರಿ ಕೆಲಸ ಕೊಡದಿರುವುದು ಅಮೆರಿಕದಲ್ಲಿ ಕಾನೂನಿಗೆ ವಿರುದ್ಧ. ಅಲ್ಲಿನ 1994ರ ಕಾಯ್ದೆ ಪ್ರಕಾರ, ಕೆಲವು ವಿನಾಯಿತಿ ಬಿಟ್ಟರೆ ಒಟ್ಟು 5 ವರ್ಷದವರೆಗಿನ ಸೇವೆ ಮುಗಿಸಿ ಬಂದವರಿಗೆ ಕೆಲಸ ವಾಪಸ್ ಕೊಡಬೇಕು. ಅದೂ ಬಿಟ್ಟುಹೋದ ಜಾಗವಲ್ಲ, ಹೋಗದೇ ಇದ್ದಿದ್ದರೆ ಅಷ್ಟರಲ್ಲಿ ಏರಿರುತ್ತಿದ್ದ ಜಾಗ. ಬ್ರಿಟನ್ನಿನಲ್ಲೂ 1985ರಿಂದ ಮೀಸಲು ಸೈನಿಕರ ಕೆಲಸ ಕಾಯುವ ಕಾಯ್ದೆ ಇದೆ. ಆದ್ದರಿಂದ ಸೇರಿಸಿಕೊಳ್ಳುವಾಗಲೇ ಇವರ ಕೆಲಸವನ್ನು ಇನ್ನೊಬ್ಬರಿಗೂ ಕಲಿಸಿಡಿ. ಕರೆ ಬಂದ ದಿನ ಗಾಬರಿ ಇರುವುದಿಲ್ಲ.