ಮಳೆಯಲ್ಲಿ ಲಾರಿ ಪಂಚರ್: ಹೂತುಹೋಗುತ್ತಿದ್ದ ಜಾಕಿ ನಿಲ್ಲಿಸಿದ್ದು ಹೀಗೆ

ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಅಡಿಕೆ ಲೋಡ್ ತರುತ್ತಿದ್ದೆವು. ಮಂಡಗದ್ದೆ ದಾಟಿದ ಮೇಲೆ ಹಿಂದಿನ ಎಡಗಡೆ ಜೋಡಿ ಚಕ್ರದಲ್ಲಿ ಒಳಗಿನ ಟೈರ್ ಪಂಚರ್. ಮಲೆನಾಡಿನ ಮಳೆ ಗೊತ್ತಲ್ವಾ, ರಸ್ತೆ ಅಂಚಿನ ಮಣ್ಣೆಲ್ಲ ಕೆಸರು. ಜಾಕಿ ಏರಿಸಿದಷ್ಟೂ ಅದೇ ಕೆಳಗೆ ಇಳಿಯುತ್ತಿತ್ತು, ಲಾರಿ ಮಾತ್ರ ಏಳಲಿಲ್ಲ.

ಲೋಡ್ ಗಾಡಿಯ ಜಾಕಿಗೆ ನೆಲ ಗಟ್ಟಿ ಇರಲೇಬೇಕು. ಜಾಕಿ ಇಳಿಸಿ ತೆಗೆದೆವು. ಕ್ಲೀನರ್ ಹುಡುಗ ಕೆಸರು ಕೆರೆದು ಜಲ್ಲಿಕಲ್ಲು ತುಂಬಿದ. ಮೇಲೆ ಎರಡು ದಪ್ಪ ಹಲಗೆ, ಒಂದು ಉದ್ದಕ್ಕೆ, ಇನ್ನೊಂದು ಅಡ್ಡಕ್ಕೆ. ಭಾರ ಹರಡಿತು, ಜಾಕಿ ಅಲುಗಲಿಲ್ಲ. ಹ್ಯಾಂಡ್ ಬ್ರೇಕ್ ಎಳೆದು, ಮುಂದಿನ ಚಕ್ರಗಳಿಗೆ ಎರಡೂ ಕಡೆ ಕಲ್ಲು ಕೊಟ್ಟಿದ್ದೆವು. ಹಿಂದೆ ತ್ರಿಕೋನ ಬೋರ್ಡ್ ಇಟ್ಟೆವು. ತಿರುವಿನ ರಸ್ತೆಯಲ್ಲಿ ಅದನ್ನು ತಿರುವಿಗೂ ಮೊದಲೇ ಇಡಬೇಕು, ಇಲ್ಲದಿದ್ದರೆ ಬರುವವರಿಗೆ ಕಾಣುವುದೇ ಇಲ್ಲ.

ನಟ್‌ಗಳನ್ನು ಚಕ್ರ ನೆಲದ ಮೇಲಿರುವಾಗಲೇ ಸಡಿಲ ಮಾಡಬೇಕು. ನಮ್ಮದು ಹಳೇ ಲಾರಿ, ಎಡಗಡೆ ನಟ್‌ಗಳಿಗೆ ಉಲ್ಟಾ ಮರೆ, ಅಂದರೆ ತಿರುಪಿನ ಸುತ್ತು ಉಲ್ಟಾ. ಮಾಮೂಲಿ ದಿಕ್ಕಿಗೆ ತಿರುಗಿಸಿದರೆ ಇನ್ನೂ ಬಿಗಿಯಾಗುತ್ತದೆ. ಪಾನಕ್ಕೆ (ನಟ್ ತಿರುಗಿಸುವ ಸ್ಪ್ಯಾನರ್‌ಗೆ) ಉದ್ದ ಪೈಪ್ ಸಿಕ್ಕಿಸಿ ಒತ್ತಿದಾಗ 'ಟಕ್' ಅಂತ ಬಿಟ್ಟುಕೊಂಡವು.

ಸ್ಟೆಪ್ನಿ ಹಾಕುವ ಮೊದಲು ಚಕ್ರದ ಡಿಸ್ಕಿನ ಕೆಸರು ಒರೆಸಿದೆವು. ಇದನ್ನು ಸುಮ್ನೆ ಬಿಡಬೇಡಿ. ನಡುವೆ ಮಣ್ಣು ಸಿಕ್ಕಿಕೊಂಡರೆ ನಟ್ ಬಿಗಿಯಾದಂತೆ ಕಂಡು ಆಮೇಲೆ ಸಡಿಲವಾಗುತ್ತದೆ. ಎದುರುಬದುರು ನಟ್ ಬಿಗಿದು, ಜಾಕಿ ಇಳಿಸಿದ ಮೇಲೆ ಇನ್ನೊಮ್ಮೆ ಬಿಗಿದೆವು. ಗಾಜನೂರಿನ ಹತ್ತಿರ ನಿಲ್ಲಿಸಿ ಮತ್ತೆ ಪಾನ ಹಾಕಿ ನೋಡಿದೆ. ಒಂದು ನಟ್ ಸ್ವಲ್ಪ ತಿರುಗಿತು.